ಕಟ್ಟಡ ಕಾರ್ಮಿಕರು: ಸುರಕ್ಷತೆ ಮಾಲೀಕರ ಹೊಣೆ, ಸೌಲಭ್ಯಕ್ಕೆ ನೋಂದಣಿ ಅಗತ್ಯ

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಇಂತಹ ಪ್ರತಿ ದುರಂತದ ಬಳಿಕವೂ ಎರಡು ಪ್ರಶ್ನೆಗಳು ಏಳುತ್ತವೆ. ಕಾರ್ಮಿಕನ ಜೀವ ಕಾಯುವ ಹೊಣೆ ಯಾರದು? ಆತನ ಕುಟುಂಬಕ್ಕೆ ನೆರವು ಎಲ್ಲಿಂದ ಬರಬೇಕು? ಈ ಎರಡಕ್ಕೂ ಕಾನೂನು ಪ್ರತ್ಯೇಕ ಉತ್ತರ ನೀಡಿದೆ.

ಕಾನೂನಿನ ಹಿನ್ನೆಲೆ

ಗಾರೆ ಕೆಲಸದವರು, ಸೆಂಟ್ರಿಂಗ್ ಕೆಲಸಗಾರರು, ಬಡಗಿಗಳು, ಬಣ್ಣ ಬಳಿಯುವವರು ಮೊದಲಾದವರಿಗಾಗಿ ಸಂಸತ್ತು 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೂ, ಅದಕ್ಕೆ ಹಣ ಒದಗಿಸಲು ಸೆಸ್ ಕಾಯ್ದೆಯನ್ನೂ ಅಂಗೀಕರಿಸಿತು. ಕರ್ನಾಟಕವು 2006ರಲ್ಲಿ ನಿಯಮಗಳನ್ನು ರೂಪಿಸಿ, ಬಳಿಕ ಕಲ್ಯಾಣ ಮಂಡಳಿಯನ್ನು ಸ್ಥಾಪಿಸಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸುರಕ್ಷತೆಯ ವಿಷಯವು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಗೂ, ಸೆಸ್ ಹಾಗೂ ಕಲ್ಯಾಣದ ವಿಷಯಗಳು ಸಾಮಾಜಿಕ ಭದ್ರತಾ ಸಂಹಿತೆಗೂ ಸೇರಿವೆ.

ಸುರಕ್ಷತೆ

10 ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗಳಲ್ಲಿ ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವುದು ಮಾಲೀಕರ ಕರ್ತವ್ಯ. ಸುರಕ್ಷತೆಗಾಗಿ ಮಾಡಿದ ಯಾವುದೇ ವ್ಯವಸ್ಥೆಗೂ ಕಾರ್ಮಿಕರಿಂದ ಹಣ ಪಡೆಯುವಂತಿಲ್ಲ. ಅರ್ಥಾತ್, ಹೆಲ್ಮೆಟ್ಟಿನ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಕಾನೂನುಬಾಹಿರ. 250 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಅಧಿಕಾರಿ ಇರಬೇಕು. ಸಾರವೆ ಅಲುಗಾಡುತ್ತಿದೆ, ಅಗೆದ ಮಣ್ಣು ಕುಸಿಯುವಂತಿದೆ ಎಂದು ಕಂಡರೆ ಮಾಲೀಕರ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗಿದೆ. ಕೂಡಲೇ ಕ್ರಮ ಕೈಗೊಳ್ಳುವುದು ಮಾಲೀಕರ ಹೊಣೆ.

ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೇ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡದ ಕನಿಷ್ಠ ಅರ್ಧದಷ್ಟನ್ನು ವಾರಸುದಾರರಿಗೆ ನೀಡುವಂತೆ ನ್ಯಾಯಾಲಯ ಆದೇಶಿಸಬಹುದು. ಈ ಯಾವ ರಕ್ಷಣೆಗೂ ಮಂಡಳಿಯ ಕಾರ್ಡ್ ಬೇಕಿಲ್ಲ.

ಸೌಲಭ್ಯ

ಮಂಡಳಿಯ ಸೌಲಭ್ಯಗಳ ಸ್ಥಿತಿ ಬೇರೆ. ಅಪಘಾತ ನೆರವು, ಹೆರಿಗೆ ಸಹಾಯ, ಮಕ್ಕಳ ಶಿಕ್ಷಣ, 60 ವರ್ಷ ತುಂಬಿದವರಿಗೆ ಪಿಂಚಣಿ ಮುಂತಾದವು ನೋಂದಾಯಿತರಿಗೆ ಮೀಸಲು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಊರಿಂದೂರಿಗೆ, ಮೇಸ್ತ್ರಿಯಿಂದ ಮೇಸ್ತ್ರಿಗೆ ಬದಲಾಗುವ ಕೂಲಿಕಾರನಿಗೆ ಆ 90 ದಿನಗಳ ದೃಢೀಕರಣವೇ ದೊಡ್ಡ ತೊಡಕು. ಇತ್ತ ಕಟ್ಟಡ ಕೆಲಸವನ್ನೇ ಮಾಡದವರು ಕಾರ್ಡ್ ಪಡೆದ ಪ್ರಕರಣಗಳೂ ರಾಜ್ಯದಲ್ಲಿ ಬಯಲಾಗಿವೆ.

ಹಣದ ಮೂಲ

ನಿರ್ಮಾಣ ವೆಚ್ಚದ ಮೇಲೆ ಶೇ. 1ಕ್ಕೆ ಕಡಿಮೆಯಿಲ್ಲದಂತೆ ವಿಧಿಸುವ ಸೆಸ್ ಈ ನಿಧಿಯ ಆಧಾರ. ನಿವೇಶನದ ಬೆಲೆ ಇದಕ್ಕೆ ಸೇರದು. ಶೇ. 1ರ ದರದಲ್ಲಿ 1 ಕೋಟಿ ರೂಪಾಯಿಯ ಕಟ್ಟಡಕ್ಕೆ 1 ಲಕ್ಷ ರೂಪಾಯಿ ಸೆಸ್ ಆಗುತ್ತದೆ. ಸ್ವಂತ ವಾಸಕ್ಕೆ ಕಟ್ಟುವ, 50 ಲಕ್ಷ ರೂಪಾಯಿ ಮೀರದ ಮನೆಗೆ ವಿನಾಯಿತಿ ಇದೆ. ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಕಾರ್ಮಿಕರಿಗೆ ತಲುಪದಿರುವ ಬಗ್ಗೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 19ರ ತೀರ್ಪಿನಲ್ಲಿ ತೀವ್ರ ಅಸಮಾಧಾನ ವ್ಯಕ್ತಪಡಿಸಿತ್ತು.

ಮನೆ ಕಟ್ಟಿಸುವವರು ಗಮನಿಸಬೇಕಾದುದು ಇಷ್ಟೇ. ಸೆಸ್ ತುಂಬಿದ ಮಾತ್ರಕ್ಕೆ ಸುರಕ್ಷತೆಯ ಹೊಣೆ ಕಳೆಯುವುದಿಲ್ಲ. ಹಾಗೆಯೇ, ದುಡಿದ ದಿನಗಳನ್ನು ದೃಢೀಕರಿಸಿ ಕೊಡದಿದ್ದರೆ, ಅದೇ ಸೆಸ್ಸಿನ ಹಣ ತಮ್ಮ ಕಟ್ಟಡದಲ್ಲಿ ಬೆವರು ಸುರಿಸಿದವನ ಕೈಸೇರದೆ ಉಳಿಯುತ್ತದೆ.