ಹೆಸರು ಹಾಕಿಲ್ಲವಲ್ಲ

ನಮ್ಮ ಬೀಡಿಗೆ ಪೇಪರು ಬಸ್ಸಿನ ಮೇಲೆ ಬರುತ್ತಿತ್ತು. ಚಹಾದಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಹತ್ತು ಮಂದಿ ಕೇಳುವುದು. ಮನೆಯೊಳಗಿನ ಹೆಂಗಸರಿಗೆ ಅದು ಎರಡು ದಿನ ತಡವಾಗಿ, ಚುರಮುರಿ ಕಟ್ಟಿದ ಕಾಗದವಾಗಿ ತಲುಪುತ್ತಿತ್ತು. ಆದರೂ "ಪೇಪರಿನ್ಯಾಗ ಬಂದೈತಿ" ಎಂದರೆ ಅಜ್ಜಿಯ ಪಾಲಿಗೆ ಅದು ಆಣೆ ಮಾಡಿ ಹೇಳಿದ ಮಾತು.

ಒಂದು ಸಲ ಒಂದು ವಾರಪತ್ರಿಕೆಯಲ್ಲಿ ಶಿಕ್ಷಕಿಯೊಬ್ಬಳ ನಡತೆಯ ಬಗ್ಗೆ ಅರ್ಧ ಕಾಲಮ್ಮು ಬಂತು. ಹೆಸರಿರಲಿಲ್ಲ. ಶಾಲೆಯ ಮುಂದಿನ ಹುಣಸೆಮರವಿತ್ತು, ಆಕೆ ಹತ್ತುವ ಬಸ್ಸಿನ ವೇಳೆಯಿತ್ತು, ಗಂಡ ಮಿಲಿಟರಿಯಲ್ಲಿರುವ ಸಂಗತಿಯಿತ್ತು. ಆಕೆ ನಮ್ಮ ಚಿಗವ್ವ ಎಂಬುದು ಊರಿಗೆಲ್ಲ ತಿಳಿಯಿತು. ಕೇಳಲು ಹೋದ ಸೋದರಮಾವನಿಗೆ ಸಂಪಾದಕರು, "ಹೆಸರು ಹಾಕಿಲ್ಲಲ್ರೀ, ನೀವ್ಯಾಕ ಮೈಮ್ಯಾಲೆ ಹಾಕ್ಕೋತೀರಿ?" ಎಂದು ನಕ್ಕರಂತೆ.

ಆ ನಗೆಗೆ ಉತ್ತರ ನನಗೆ ಬಹಳ ವರ್ಷಗಳ ಮೇಲೆ, ಬೆಳಗಾವಿಯದೇ ಒಂದು ಹಳೆಯ ಖಟ್ಲೆಯಲ್ಲಿ ಸಿಕ್ಕಿತು. ಬೆಳಗಾವಿ ಎಂದರೆ ಎಲ್ಲರಿಗೂ ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ಸು ನೆನಪಾಗುತ್ತದೆ. ಅದಕ್ಕೆ 8 ವರ್ಷ ಮೊದಲು, 1916ರ ಏಪ್ರಿಲ್‌ನಲ್ಲಿ, ತಿಲಕರು ಹೋಂರೂಲ್ ಲೀಗನ್ನು ಕಟ್ಟಿದ್ದೂ ಇದೇ ಊರಿನಲ್ಲಿ. ಮೇ 1ರಂದು ಇಲ್ಲಿ ಮರಾಠಿಯಲ್ಲಿ ಭಾಷಣ ಮಾಡಿದರು. ಚಕ್ರವರ್ತಿ ಇರಲಿ, ಆದರೆ ಕಾರಭಾರ ಅಧಿಕಾರಿಗಳ ಕೈತಪ್ಪಿ ನಮ್ಮ ಕೈಗೆ ಬರಲಿ ಎಂಬುದು ಅದರ ತಿರುಳು. ಆಮೇಲೆ ಅಹ್ಮದ್‌ನಗರದಲ್ಲಿ ಮತ್ತೆ ಎರಡು ಭಾಷಣಗಳಾದವು.

ಸರಕಾರದ ನೋಟೀಸು ಬಂದದ್ದು ಜುಲೈ 23ರಂದು. ಅಂದು ತಿಲಕರಿಗೆ 60 ತುಂಬಿ, ಜನ ಪುಣೆಯಲ್ಲಿ ಅವರಿಗೆ 1 ಲಕ್ಷ ರೂಪಾಯಿಯ ನಿಧಿ ಅರ್ಪಿಸುತ್ತಿದ್ದರು. ಮುಹೂರ್ತ ನೋಡಿಯೇ ಕಳಿಸಿದಂತಿತ್ತು! ಈ ಮೂರು ಭಾಷಣಗಳಲ್ಲಿ ರಾಜದ್ರೋಹವಿದೆ. ಒಂದು ವರ್ಷ ನೆಟ್ಟಗೆ ನಡೆದುಕೊಳ್ಳುವುದಕ್ಕೆ 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000ದ ಇಬ್ಬರು ಜಾಮೀನುದಾರರು ಬೇಕು ಎಂದು ಮ್ಯಾಜಿಸ್ಟ್ರೇಟರ ಹುಕುಂ ಆಯಿತು. 1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ 6 ವರ್ಷ ಮಂಡಾಲೆಯ ಸೆರೆಯಾಗಿತ್ತಲ್ಲ, ಈ ಬಾರಿ ಜೇಬಿಗೆ ಕೈಹಾಕಿದರು.

ಮುಂಬಯಿ ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಮಹಮ್ಮದಲಿ ಜಿನ್ನಾ. ನ್ಯಾಯಮೂರ್ತಿಗಳಾದ ಬ್ಯಾಚ್ಲರ್ ಮತ್ತು ಶಾ 1916ರ ನವೆಂಬರ್ 9ರಂದು ಹುಕುಮನ್ನು ತೆಗೆದುಹಾಕಿದರು. ಅಲ್ಲೊಂದು ಇಲ್ಲೊಂದು ಮಾತು ಹೆಕ್ಕಿ ತೂಗಬಾರದು, ಭಾಷಣವನ್ನು ಇಡಿಯಾಗಿ ಓದಬೇಕು, ಕೇಳಿದವರ ಮನಸ್ಸಿನ ಮೇಲೆ ಒಟ್ಟು ಏನು ಪರಿಣಾಮವಾದೀತು ಎಂದು ನೋಡಬೇಕು ಎಂಬುದು ಅವರ ನಿಲುವಾಗಿತ್ತು.

ತಿಲಕರನ್ನು ಉಳಿಸಿದ ಈ ಅಳತೆಗೋಲನ್ನೇ ನಮ್ಮ ಚಿಗವ್ವನ ಅರ್ಧ ಕಾಲಮ್ಮಿಗೆ ಹಚ್ಚಿ ನೋಡಿ. ಹುಣಸೆಮರದಲ್ಲಿ ತಪ್ಪೇನಿದೆ? ಬಸ್ಸಿನ ವೇಳೆಯಲ್ಲೇನಿದೆ? ಬಿಡಿಬಿಡಿಯಾಗಿ ಒಂದಕ್ಕೂ ದೋಷವಿಲ್ಲ. ಇಡಿಯಾಗಿ, ಚಹಾದಂಗಡಿಯಲ್ಲಿ ಕುಳಿತವನ ಕಿವಿಯಿಂದ ಕೇಳಿದರೆ ಮಾತ್ರ ಅದು ಏನೆಂದು ತಿಳಿಯುತ್ತದೆ.

ಕಾನೂನಿಗೂ ಇದು ಗೊತ್ತಿಲ್ಲದ್ದೇನಲ್ಲ. ಹೆಸರಿಲ್ಲದಿದ್ದರೂ ಓದುಗರಿಗೆ ಇಂಥವರೇ ಎಂದು ಗುರುತು ಹತ್ತಿದರೆ ಮಾನಹಾನಿಯಾಗುತ್ತದೆ. ಅತ್ಯಾಚಾರಕ್ಕೆ ಒಳಗಾದವಳ ಹೆಸರನ್ನಷ್ಟೇ ಅಲ್ಲ, ಗುರುತು ಕೊಡುವ ಯಾವ ವಿವರವನ್ನೂ ಅಚ್ಚು ಹಾಕಬಾರದೆಂದು 1983ರಲ್ಲೇ ದಂಡಸಂಹಿತೆಗೆ ಕಲಂ ಸೇರಿತು. ಸಂವಿಧಾನದ 19ನೆಯ ವಿಧಿ ಮಾತಿನ ಸ್ವಾತಂತ್ರ್ಯ ಕೊಡುವಾಗಲೇ ಮಾನಹಾನಿಯನ್ನು ಅದರ ಹೊರಗಿಟ್ಟಿದೆ. ಆದರೆ ಕೋರ್ಟು ಹತ್ತುವವರು ಯಾರು? 1978ರ ಕಾಯಿದೆಯ ಪತ್ರಿಕಾ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವಂತಿಲ್ಲ. ಹಾಗೆಂದು ಆ ಬೆತ್ತವನ್ನು ಸರಕಾರದ ಕೈಗೆ ಕೊಡಲು ನನಗಂತೂ ಧೈರ್ಯವಿಲ್ಲ. 1916ರಲ್ಲಿ ಅದನ್ನು ಯಾರ ಮೇಲೆ ಎತ್ತಿದರೆಂದು ನೋಡಿದ್ದೇವಲ್ಲ!

ಮಾವ ಬಿಡದೆ ಓಡಾಡಿದ. ಮೂರು ವಾರದ ಮೇಲೆ, ಕೊನೆಯ ಪುಟದಲ್ಲಿ, ಟೆಂಡರು ಪ್ರಕಟಣೆಯ ಕೆಳಗೆ ನಾಲ್ಕು ಸಾಲು ಬಂತು. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲವಂತೆ. ಅದರಲ್ಲೂ ಹೆಸರಿರಲಿಲ್ಲ. ಆದ್ದರಿಂದ ಅದು ಯಾರ ಕುರಿತದ್ದೆಂದು ಯಾರಿಗೂ ತಿಳಿಯಲಿಲ್ಲ, ಚಹಾದಂಗಡಿಯಲ್ಲಿ ಯಾರೂ ಗಟ್ಟಿಯಾಗಿ ಓದಲೂ ಇಲ್ಲ. ಚಿಗವ್ವ ಅಷ್ಟರೊಳಗೆ ವರ್ಗಕ್ಕೆ ಅರ್ಜಿ ಹಾಕಿದ್ದಳು.