ಗೊರಕೆಯ ಹಿಂದಿನ ಚರಿತ್ರೆ

ಬಂಡೀಪುರದ ಕಾಡುರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳ ಸಂಚಾರವಿಲ್ಲ. ಆದ್ದರಿಂದ ಊಟಿಗೂ ವೈನಾಡಿಗೂ ಹೊರಟ ಲಾರಿಗಳು ಗುಂಡ್ಲುಪೇಟೆಯ ಕಡೆ ಸಾಲುಗಟ್ಟಿ ನಿಲ್ಲುತ್ತವೆ. ಚಾಲಕರು ಅಲ್ಲಿಯೇ ನಿದ್ರಿಸುತ್ತಾರೆ. ಆ ಸಾಲನ್ನು ಕಂಡಾಗಲೆಲ್ಲ ನನಗೆ ನನ್ನ ಸೋದರಮಾವನ ನೆನಪು.

ಚಾಮರಾಜನಗರದ ನಮ್ಮ ಮನೆಯಲ್ಲಿ ಲಾರಿ ಚಾಲಕನಾಗಿದ್ದ ಮಾವನ ಗೊರಕೆ ಹಾಸ್ಯದ ವಸ್ತುವಾಗಿತ್ತು. 'ಕುಂಭಕರ್ಣ' ಎನ್ನುತ್ತಿದ್ದೆವು. ನಡುನಡುವೆ ಗೊರಕೆ ನಿಂತು, ಆಮೇಲೆ ನೀರಿನಿಂದ ಮೇಲೆದ್ದವರಂತೆ ದಿಗ್ಗನೆ ಉಸಿರೆಳೆಯುತ್ತಿದ್ದರು. ಆ ಮೌನವನ್ನು ಮಕ್ಕಳಾದ ನಾವು ಎಣಿಸಿ ನಗುತ್ತಿದ್ದೆವು. 1974ರ ಒಂದು ಮುಂಜಾನೆ ಅವರು ತೂಕಡಿಸಿ ಲಾರಿಯನ್ನು ಮರಕ್ಕೆ ಗುದ್ದಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಊರು ಅದನ್ನು ಅಜಾಗರೂಕತೆ ಎಂದಿತು.

ನಗುವುದರಲ್ಲಿ ನಾವು ಒಂಟಿಯಲ್ಲ. ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ನಿಂತಲ್ಲೇ ನಿದ್ರಿಸುವ ಸ್ಥೂಲಕಾಯದ ಹುಡುಗ ಜೋ ಓದುಗರನ್ನು ನಗಿಸಿದ. ಅವನ ನೆನಪಿನಲ್ಲಿಯೇ 1956ರಲ್ಲಿ ವೈದ್ಯರು ಒಂದು ಕಾಯಿಲೆಗೆ ಹೆಸರಿಟ್ಟರು. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ನಿದ್ರೆಯ ನಡುವೆ ಉಸಿರು ನಿಲ್ಲುವುದನ್ನು ಯಂತ್ರಗಳು ದಾಖಲಿಸಿದವು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಗಿಲ್ಲೆಮಿನೋ ಮತ್ತು ಸಂಗಡಿಗರು ಇದನ್ನು 'ಸ್ಲೀಪ್ ಆಪ್ನಿಯಾ' ಎಂದು ವಿವರಿಸಿದರು. ಮಾವನ ಅಪಘಾತವಾಗಿ ಆಗಲೇ ಎರಡು ವರ್ಷ ಕಳೆದಿತ್ತು.

ಆದರೆ ಇದರ ಸುಳಿವು ದಂತವೈದ್ಯರಿಗೆ ಬಹು ಮೊದಲೇ ಸಿಕ್ಕಿತ್ತು. ಫ್ರಾನ್ಸಿನ ಪಿಯೆರ್ ರೋಬಾಂ ಕೆಳದವಡೆ ಚಿಕ್ಕದಾದ ಶಿಶುಗಳಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುವುದನ್ನು 1923ರಲ್ಲಿ ವಿವರಿಸಿದರು. ದವಡೆಯನ್ನು ಮುಂದಕ್ಕೆ ಹಿಡಿಯುವ 'ಮಾನೊಬ್ಲಾಕ್' ಎಂಬ ಸಾಧನ ಅವರಲ್ಲಿ 1902ರಲ್ಲಿಯೇ ಇತ್ತು. ತತ್ತ್ವ ಸರಳ: ಹಿಂದೆ ಸರಿದ ದವಡೆ, ಕಿರಿದಾದ ಅಂಗುಳ, ಅದರೊಳಗೆ ಹಿಡಿಸದ ನಾಲಿಗೆ, ಮಲಗಿದಾಗ ಸ್ನಾಯುಗಳು ಸಡಿಲವಾಗಿ ಗಂಟಲು ಮುಚ್ಚುತ್ತದೆ, ಮಿದುಳು ಬೆಚ್ಚಿ ಎಚ್ಚರಗೊಳಿಸುತ್ತದೆ. ಕುಂಭಕರ್ಣನದು ತುಂಬುನಿದ್ದೆ; ಮಾವನದು ಇರುಳೆಲ್ಲ ಮುರಿದ ನಿದ್ದೆ.

ಕೆಲವು ವರ್ಷಗಳ ಹಿಂದೆ ಹುಳುಕುಹಲ್ಲು ತೋರಿಸಲು ಹೋದಾಗ, ತರುಣ ದಂತವೈದ್ಯೆಯೊಬ್ಬರು ನನ್ನ ಗಲ್ಲವನ್ನು ನೋಡಿ, "ಗೊರಕೆ ಬರುತ್ತದೆಯೇ ಸಾರ್?" ಎಂದರು. ಮಾವನ ಗಲ್ಲವೇ ನನಗೂ ಬಂದಿದೆ. ದಂತವೈದ್ಯರು ಶಂಕಿಸಬಲ್ಲರು, ನಿರ್ಣಯವಾಗುವುದು ಇರುಳಿನ ನಿದ್ರಾಪರೀಕ್ಷೆಯಿಂದ. ಗಂಟೆಗೆ ಐದಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡಾದರೂ ಉಸಿರು ತಡೆದರೆ ಅದು ದೋಷವೆಂದೇ ಲೆಕ್ಕ. ತೀವ್ರವಾದವರಿಗೆ ಆಸ್ಟ್ರೇಲಿಯದ ಸಲ್ಲಿವನ್ 1981ರಲ್ಲಿ ವರದಿ ಮಾಡಿದ, ಮೂಗಿನ ಮೂಲಕ ಗಾಳಿ ಒತ್ತುವ ಯಂತ್ರವಿದೆ. ನನ್ನದು ಅಷ್ಟಿರಲಿಲ್ಲ, ದವಡೆಯನ್ನು ಮುಂದಿಡುವ ಹಲ್ಲಿನ ತಟ್ಟೆಯೇ ಸಾಕಾಯಿತು.

ಪ್ರತಿ ರಾತ್ರಿ ಅದನ್ನು ಬಾಯಿಗಿಡುವಾಗ ನಾವು ಎಣಿಸಿದ ಮೌನ ನೆನಪಾಗುತ್ತದೆ. ನಿಮ್ಮ ಮನೆಯಲ್ಲಿಯೂ ಅಂಥ ಗೊರಕೆ ಇದ್ದರೆ, ದಯವಿಟ್ಟು ನಗಬೇಡಿ; ಎಬ್ಬಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.