ಟ್ಯಾಂಕರ್ ನೀರು ಮತ್ತು ‘ಹೊರಗಿನವರು’

2024ರ ಬೇಸಿಗೆ ನೆನಪಿದೆಯಾ? ಟ್ಯಾಂಕರ್ ಯಾವಾಗ ಬರುತ್ತೋ ಅಂತ ಗೇಟಿನ ಹತ್ತಿರ ಕಾಯುತ್ತಿದ್ದಾಗ, ನಮ್ಮ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು “ಹೊರಗಿನವರು ಬಂದು ಊರು ಹಾಳಾಯ್ತು ಕಣ್ರೀ” ಅಂದರು. ಅವರ ತಂದೆ ಬೆಂಗಳೂರಿಗೆ ಬಂದಿದ್ದು ಕಾರ್ಖಾನೆ ಕೆಲಸಕ್ಕೆ, ನಾನು ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಏನೂ ಮಾತಾಡದೆ ಮನೆಗೆ ಬಂದು ಊರಿನ ನೀರಿನ ಲೆಕ್ಕ ತೆಗೆದು ನೋಡಿದೆ.

ಕೆರೆಗಳ ನೀರು ಸಾಲದೆ 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. ಎರಡಕ್ಕೂ ಆಧಾರ ಪುಟ್ಟ ಅರ್ಕಾವತಿ. ಆಗ ಊರಿನ ಜನಸಂಖ್ಯೆ ಸುಮಾರು 3 ಲಕ್ಷ. ಆಮೇಲೆ ಒಂದರ ಹಿಂದೊಂದು ಕಾರ್ಖಾನೆ ಬಂದವು: 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕೆಲಸ ಇದ್ದ ಕಡೆ ಜನ ಬಂದೇ ಬರುತ್ತಾರೆ. 1971ರ ಹೊತ್ತಿಗೆ ಜನಸಂಖ್ಯೆ 16 ಲಕ್ಷ ದಾಟಿತ್ತು. ಕಾವೇರಿ ಮೊದಲ ಹಂತದ ನೀರು ಬಂದಿದ್ದು ಮಾತ್ರ 1974ರಲ್ಲಿ, ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ.

ನಮ್ಮ ಕಾಲದಲ್ಲೂ ಅದೇ ಕಥೆ. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಲೇಔಟು, ಅಪಾರ್ಟ್‌ಮೆಂಟು, ಟೆಕ್ ಪಾರ್ಕು ಎಲ್ಲಾ ಎದ್ದವು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ, ಅಂದರೆ 17 ವರ್ಷ ತಡವಾಗಿ. ಅಲ್ಲಿಯವರೆಗೆ ಬಹುತೇಕರಿಗೆ ಬೋರ್‌ವೆಲ್, ಅದು ಬತ್ತಿದರೆ ಟ್ಯಾಂಕರ್. ನಮಗಾದರೂ ಮೇಂಟೆನೆನ್ಸ್ ಬಿಲ್ ಹೆಚ್ಚಾಯ್ತು, ಅಷ್ಟೇ. ಆ ಕಟ್ಟಡಗಳನ್ನು ಕಟ್ಟಿ ಶೀಟಿನ ಶೆಡ್ಡುಗಳಲ್ಲಿ ಉಳಿದವರು ಬಿಂದಿಗೆ ಹಿಡಿದು ಅಲೆದರು.

ಜನ ಹೆಚ್ಚಾದರೆ ನೀರಿಗೆ ಕಷ್ಟ ಅನ್ನೋದು ನಿಜ. ಆದರೆ ಈ ಊರು ಮೊದಲು ಜನರನ್ನು ಕರೆಯುತ್ತೆ, ನೀರಿನ ಯೋಚನೆ ಆಮೇಲೆ ಮಾಡುತ್ತೆ. ನಡುವಿನ ವರ್ಷಗಳ ತಪ್ಪನ್ನು ಕೊನೆಯಲ್ಲಿ ಬಂದವರ ತಲೆಗೆ ಕಟ್ಟುತ್ತೆ. ಕೊನೆಯಲ್ಲಿ ಬಂದವರು ಯಾರು ಅನ್ನೋದು ಮಾತ್ರ ಪ್ರತಿ ತಲೆಮಾರಿಗೂ ಬದಲಾಗುತ್ತೆ.

ಊರಿಂದ ಬಸ್ಸಿನಲ್ಲಿ ಬಂದವರು ಮೊದಲು ಕಾಲಿಡೋದು ಮೆಜೆಸ್ಟಿಕ್‌ನಲ್ಲಿ ಅಲ್ವಾ? ಆ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಊರಿಗೆ ನೀರು ಕೊಡುತ್ತಿದ್ದ ಕೆರೆ.